ಹಿರೇಬಳ್ಳಿ, ಮಿಲ್ಲಿನ ಬೂದಿ, ಕಾಮಣ್ಣನ ಹುಡುಗರು

ಹೋದ ವರ್ಷ ಕಾಮನ ಹುಣ್ಣಿಮೆಯ ಹಿಂದಿನ ರಾತ್ರಿ ನಮ್ಮ ಹಿತ್ತಲಿನ ಹಂದರದಿಂದ ಮೂರು ಬಿದಿರಿನ ಗಳ ಮಾಯವಾದವು. ಬೆಳಗ್ಗೆ ಎದ್ದು ನೋಡಿದರೆ ಹಿರೇಬಳ್ಳಿ ನೆಲಕ್ಕೆ ಬಿದ್ದಿದೆ. ಕದ್ದವರು ಯಾರು ಅಂತ ಓಣಿಗೆಲ್ಲ ಗೊತ್ತು. ಆದರೆ ಕಾಮಣ್ಣನ ಹೆಸರಲ್ಲಿ ಕಟ್ಟಿಗೆ ಕದ್ದರೆ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಸಣ್ಣವನಿದ್ದಾಗ ನಾನೂ ಕದ್ದವನೇ. ಹಳೆ ಸೀರೆಯ ಅಂಚು ಹರಿದು, ಬಳ್ಳಿಯನ್ನು ಮೆಲ್ಲಗೆ ಎತ್ತಿ ಕಿಟಕಿ ಸರಳಿಗೆ ಕಟ್ಟಿದೆ. ಎರಡು ಕವಲು ಮುರಿದಿದ್ದವು, ಉಳಿದದ್ದು ಬದುಕಿತು.

ನಮ್ಮದು ಗಂಗಾವತಿ. ನಾನು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮನೆ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗವಿದೆ. ಆರು ವರ್ಷದಿಂದ ಅಲ್ಲಿ ಏನಾದರೊಂದು ಬೆಳೆಯುತ್ತೇನೆ, ಏನಾದರೊಂದು ಕೆಡಿಸುತ್ತೇನೆ.

ವಸಂತ ಅಂದರೆ ಬೇರೆ ಊರಲ್ಲಿ ಬಿತ್ತುವ ಕಾಲ ಇರಬಹುದು. ನಮ್ಮಲ್ಲಿ ಅದು ಚಳಿಗಾಲದ ತೋಟ ಮುಗಿಯುವ ಕಾಲ. ಶಿವರಾತ್ರಿ ಕಳೆದ ಮೇಲೆ ಬಿಸಿಲು ದಿನದಿನಕ್ಕೆ ಏರುತ್ತದೆ, ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುತ್ತದೆ. ಟೊಮೆಟೊ ಹೂ ಬಿಡುತ್ತದೆ, ಹಾಗೇ ಉದುರಿಸುತ್ತದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ನಿಂತರೆ ಅದರ ಪರಾಗಕ್ಕೆ ಕಸುವು ಇರುವುದಿಲ್ಲ. ಇದು ಗೊತ್ತಿಲ್ಲದೆ ಮೊದಲೆರಡು ವರ್ಷ ಗೊಬ್ಬರ ಸುರಿದೆ. ಗಿಡ ಎಲೆಯನ್ನಷ್ಟೇ ಜಾಸ್ತಿ ಮಾಡಿಕೊಂಡಿತು. ಕೊತ್ತಂಬರಿಯೂ ಅಷ್ಟೇ, ಬಿಸಿಲು ತಾಗಿದ್ದೇ ತಡ ಸರ್ರನೆ ಮೇಲೆದ್ದು ಹೂ ಬಿಡುತ್ತದೆ. ಮೊದಲು ಕಿತ್ತು ಹಾಕುತ್ತಿದ್ದೆ, ಈಗ ಬಿಡುತ್ತೇನೆ. ಆ ಬಿಳಿ ಹೂವಿಗೆ ಜೇನುನೊಣ ಬರುತ್ತವೆ. ಆಮೇಲೆ ಕಟ್ಟುವ ಹಸಿ ಕಾಳನ್ನು ಹಸಿಮೆಣಸಿನಕಾಯಿ ಜೊತೆ ಕಲ್ಲಲ್ಲಿ ಕುಟ್ಟಿ ರೊಟ್ಟಿಗೆ ಹಚ್ಚಿ ತಿಂದು ನೋಡಿ.

ನನ್ನ ದೊಡ್ಡ ತಪ್ಪು ಬೂದಿಯದು. ಮಿಲ್ಲಿನ ಬಾಯ್ಲರ್‌ಗೆ ಭತ್ತದ ಹೊಟ್ಟನ್ನೇ ಉರಿಸುತ್ತಾರೆ, ಕಪ್ಪು ಬೂದಿ ಗುಡ್ಡದಷ್ಟು ಬೀಳುತ್ತದೆ. ಸುಮ್ನೆ ಸಿಗುತ್ತದಲ್ಲ ಅಂತ ಮೂರು ಚೀಲ ತಂದು ಹಿತ್ತಲಿಗೆಲ್ಲ ಹರಡಿದೆ. ಮೂರ್ನಾಲ್ಕು ವಾರಕ್ಕೆ ಮಲ್ಲಿಗೆಯ ಹೊಸ ಎಲೆಗಳು ಹಳದಿಯಾದವು. ನರ ಮಾತ್ರ ಹಸಿರು, ನಡುವೆ ನಿಂಬೆಹಣ್ಣಿನ ಬಣ್ಣ, ಯಾರೋ ಎಲೆಯ ಮೇಲೆ ಹಸಿರು ದಾರದಲ್ಲಿ ಬಲೆ ನೇಯ್ದ ಹಾಗೆ. ನೀರು ಕಮ್ಮಿಯಾಯ್ತು ಅಂದುಕೊಂಡು ದಿನಕ್ಕೆರಡು ಸಲ ಬೋರ್ ನೀರು ಬಿಟ್ಟೆ. ಇನ್ನೂ ಹಳದಿಯಾಯಿತು.

ಮಿಲ್ಲಿಗೆ ಭತ್ತ ತಂದಿದ್ದ ರೈತರೊಬ್ಬರಿಗೆ ಮೊಬೈಲ್‌ನಲ್ಲಿ ಫೋಟೋ ತೋರಿಸಿದೆ. "ಇದು ನೀರಿಂದಲ್ರೀ, ಕಬ್ಬಿಣದ್ದು" ಅಂದರು. ನಮ್ಮದು ಎರೆಮಣ್ಣು, ಅದರಲ್ಲೂ ಸವಳು, ಅಂದರೆ ಉಪ್ಪು, ಕ್ಷಾರ ಸೇರಿದ ಮಣ್ಣು. ಬೋರ್ ನೀರು ಆರಿದ ಜಾಗದಲ್ಲಿ ಬಿಳಿ ಉಪ್ಪು ಕೂತಿರುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಬೂದಿಯೂ ಕ್ಷಾರವೇ. ಅಂದರೆ ಇದ್ದ ಕಾಯಿಲೆಗೆ ನಾನೇ ಮೂರು ಚೀಲ ಸೇರಿಸಿದ್ದೆ. ಅವರು ಹೇಳಿದಂತೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್ ಉಪ್ಪು, ತಂದೆ. 1 ಲೀಟರ್ ನೀರಿಗೆ 5 ಗ್ರಾಂ, ಒಂದು ನಿಂಬೆಹಣ್ಣಿನ ರಸ. ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿದೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಳೆ ಎಲೆಗಳಲ್ಲಿ ಹಳದಿ ಪೂರ್ತಿ ಹೋಗಲಿಲ್ಲ, ಆದರೆ ಹೊಸ ಚಿಗುರು ಹಸಿರಾಗಿಯೇ ಬಂತು. ಗೋಡೆಗೆ ಬಿದ್ದ ಅನ್ನಭೇದಿಯ ಕಂದು ಕಲೆ ಇನ್ನೂ ಇದೆ. ಅವ್ವ ಮಾತ್ರ ಇವತ್ತಿಗೂ ಬಿಟ್ಟಿಲ್ಲ: "ಪುಕ್ಕಟೆ ಸಿಕ್ತಂತ ಬೂದಿ ಹೊತ್ಕೊಂಡ್ ಬಂದ ನೋಡು, ಲೆಕ್ಕ ಬರಿಯಾವ!"

ಈಗ ಸುಡದ ಹೊಟ್ಟನ್ನೇ ತರುತ್ತೇನೆ. ಗಿಡದ ಸುತ್ತ ಎರಡು ಇಂಚು ಹಾಸಿ, ಗಾಳಿಗೆ ಹಾರದಂತೆ ಮೇಲೆ ಭತ್ತದ ಹುಲ್ಲು ಹರಡುತ್ತೇನೆ. ದಿನಾ ಬಿಡುತ್ತಿದ್ದ ನೀರು ದಿನ ಬಿಟ್ಟು ದಿನಕ್ಕೆ ಬಂತು. ಎರೆಮಣ್ಣು ಮೊದಲಿನಷ್ಟು ಬಿರುಕು ಬಿಡುವುದಿಲ್ಲ. ಆದರೆ ಹೊಟ್ಟಿನಲ್ಲಿ ಉಳಿದ ಕಾಳೆಲ್ಲ ಮೊಳೆತು, ಬದನೆ ಗಿಡಗಳ ನಡುವೆ ಭತ್ತದ ಸಸಿ ಎದ್ದಿರುತ್ತವೆ. ಮಿಲ್ಲಿನವನ ಮನೆ ಅಲ್ವಾ, ಹಿತ್ತಲೂ ಗದ್ದೆ!

ಇನ್ನು ಹಿರೇಕಾಯಿ. ಇದೊಂದು ಬೆಳೆಯಲ್ಲಿ ನಾನು ಲೆಕ್ಕ ಸರಿ ಮಾಡಿಕೊಂಡಿದ್ದೇನೆ. ಯುಗಾದಿಗೆ ಬಿತ್ತಿದರೆ ಬಿಸಿಲಿಗೆ ಸಿಕ್ಕಿಬೀಳುತ್ತದೆ, ಸಂಕ್ರಾಂತಿಗೆ ಬಿತ್ತಿದರೆ ಹೋಳಿ ಹೊತ್ತಿಗೆ ಹೂವು. ಮೊದಲು ಬರುವುದು ಬರೀ ಗಂಡು ಹೂ, ಗೊಂಚಲಾಗಿ. "ಹೂ ಅದಾವ, ಕಾಯಿಲ್ಲ" ಅಂತ ನನ್ನ ಹೆಂಡತಿ ಬಳ್ಳಿ ಕೀಳಲು ಹೊರಟಿದ್ದಳು. ಇನ್ನೊಂದೆರಡು ವಾರಕ್ಕೆ ಹೆಣ್ಣು ಹೂ ಒಂಟಿಯಾಗಿ ಬರುತ್ತದೆ. ಅದರ ಕೆಳಗೆ ಕಿರುಬೆರಳಿಗಿಂತ ಸಣ್ಣ ಕಾಯಿ, ಅಷ್ಟರಲ್ಲೇ ಏಣು ಮೂಡಿರುತ್ತದೆ.

ಈ ಹೂ ಅರಳುವುದೇ ಸಂಜೆ. ಬೆಳಗಿನ ಜೇನುನೊಣಕ್ಕೆ ಇದರ ಕೆಲಸವಿಲ್ಲ, ಓಣಿಯಲ್ಲಿ ಸಂಜೆ ಪತಂಗಗಳೂ ಕಮ್ಮಿ. ಹಾಗಾಗಿ ಆರು ಗಂಟೆಗೆ ಮಿಲ್ಲಿನಿಂದ ಬಂದವನು ಚಹಾಕ್ಕೂ ಮೊದಲು ಹಿತ್ತಲಿಗೆ ಹೋಗುತ್ತೇನೆ. ಗಂಡು ಹೂ ಒಂದನ್ನು ಕಿತ್ತು, ಹಳದಿ ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಒತ್ತುತ್ತೇನೆ. ಬೆರಳಿಗೆ ಅರಿಸಿನ ಹತ್ತಿದಂತೆ ಹತ್ತುತ್ತದೆ. ಕೂಡಿದ್ದರೆ ಮೂರನೇ ದಿನಕ್ಕೆ ಕಾಯಿ ಉದ್ದವಾಗಿ ಕೆಳಗೆ ಬಾಗುತ್ತದೆ. ಇಲ್ಲದಿದ್ದರೆ ತುದಿಯಿಂದ ಹಳದಿಯಾಗಿ ಉದುರುತ್ತದೆ.

ಅವಸರದಲ್ಲಿ ಪುಡಿ ಒಂದೇ ಕಡೆ ತಾಗಿದರೆ ಕಾಯಿ ಸೊಟ್ಟ. ಮೇಲೆ ದಪ್ಪ, ಕೆಳಗೆ ಇಲಿಬಾಲ. ನಮ್ಮ ಹಿತ್ತಲಿನ ಅರ್ಧ ಕಾಯಿ ಹೀಗೇ. ಏಣು ಹೆರೆಯುವಾಗ ಅವ್ವ ಬೈಯುತ್ತಾಳೆ, ಹೆರೆದ ಸಿಪ್ಪೆಯಲ್ಲಿ ಎಳ್ಳು ಹಾಕಿ ಚಟ್ನಿ ಅರೆದ ಮೇಲೆ ಸುಮ್ಮನಾಗುತ್ತಾಳೆ.

ಈ ಸಲ ನಾನೇ ಶಾಣ್ಯಾತನ ಮಾಡಿದೆ. ಹುಣ್ಣಿಮೆಗೆ ಎರಡು ದಿನ ಮೊದಲೇ ಓಣಿಯ ಹುಡುಗರನ್ನು ಕರೆದು, ಒಣಗಿದ ಟೊಮೆಟೊ ಗಿಡ, ಕಡಿದ ನುಗ್ಗೆ ಕೊಂಬೆ ಎಲ್ಲ ತೋರಿಸಿ ಒಯ್ಯಿರಿ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೇ ಸಣ್ಣವನೊಬ್ಬ ಅಂದ: "ಕೊಟ್ಟಿದ್ದು ನಡಿಯಂಗಿಲ್ರೀ ಕಾಕಾ, ಕದ್ದಿದ್ದ ಬೇಕು."

ಹಂದರದ ಗಳಗಳಿಗೆ ಅವತ್ತೇ ಸಂಜೆ ತಂತಿ ಬಿಗಿದೆ.