ಒಂದು ಕಡ್ಡಿ ಸಿಗ್ನಲ್‌ನಲ್ಲಿ ಓಡುವ ಗ್ರೂಪ್ ಚಾಟ್: ನನ್ನ ಅನುಭವ

ನಮ್ಮದೇ ಚಾಟ್ ಸರ್ವರ್ ಇಡೋಣ ಅಂದಾಗ "ಇದೆಲ್ಲ ಐಟಿಯವರ ಆಟ, ತೋಟದವರಿಗೆ ಯಾಕೆ" ಅಂದವರೇ ಈ ಮಳೆಗಾಲದಲ್ಲಿ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅದಕ್ಕೇ ಬರೆಯುತ್ತಿದ್ದೇನೆ. ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆಯ ಕಾಫಿ ಬೆಳೆಗಾರರು ಮತ್ತು ತೋಟದ ಲೆಕ್ಕ ನೋಡುವ ರೈಟರ್‌ಗಳು ಸೇರಿ ಅರವತ್ತರ ಹತ್ತಿರ ಜನರ ಗ್ರೂಪ್ ನಮ್ಮದು. ಈಗ ಅದು ನಮ್ಮದೇ ಎಕ್ಸ್‌ಎಂಪಿಪಿ (ಯಾರು ಬೇಕಾದರೂ ಸ್ವಂತ ಸರ್ವರ್ ಇಟ್ಟು ಓಡಿಸಬಹುದಾದ ಚಾಟ್ ಪದ್ಧತಿ) ಸರ್ವರ್ ಮೇಲೆ ಓಡುತ್ತಿದೆ. ಸರ್ವರ್‌ನಲ್ಲಿ ಪ್ರೊಸಡಿ ಅನ್ನುವ ಸಾಫ್ಟ್‌ವೇರ್, ಫೋನುಗಳಲ್ಲಿ ಕಾನ್ವರ್ಸೇಶನ್ಸ್ ಅನ್ನುವ ಆ್ಯಪ್. ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಡೆಬಿಯನ್ ಲಿನಕ್ಸ್ ಗೊತ್ತಿದ್ದವರಿಗೆ ಅದು ಒಂದು ಸಂಜೆಯ ಕೆಲಸ. ದುಡ್ಡು ಎಲ್ಲಿ ಹೋಯಿತು, ಯಾವುದು ಕೈಕೊಟ್ಟಿತು ಅನ್ನುವುದನ್ನು ಹೇಳುತ್ತೇನೆ.

ನಮಗೆ ಬೇಕಾಗಿದ್ದು ಎರಡೇ. ಬೆಳಿಗ್ಗೆ ಮಳೆ ಲೆಕ್ಕ, ಸಂಜೆ ಮೇಲೆ ಆನೆ ಸುದ್ದಿ. ಹಳೇ ಗ್ರೂಪಿನಲ್ಲಿ ಈ ಎರಡೂ ಫೋಟೋಗಳ ಅಡಿಯಲ್ಲಿ ಮುಳುಗಿ ಹೋಗುತ್ತಿದ್ದವು. ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬಂತು ಅಂದರೆ ಮುಗಿಯಿತು. ಆ ದಿನ ಮಾಡುವ ಮದ್ದುಸೊಪ್ಪಿನ ಪಾಯಸದ ನೇರಳೆ ಬಣ್ಣದ ಫೋಟೋವನ್ನು ಪ್ರತಿ ಮನೆಯವರೂ ಹಾಕಲೇಬೇಕು. ನನಗೂ ಆ ಪಾಯಸ ಇಷ್ಟವೇ. ಆದರೆ ಎರಡು ಎಂಬಿಯ ಪಾಯಸ ಇಳಿಯುವ ತನಕ "ಒಂಟಿ ಸಲಗ ರಸ್ತೆ ದಾಟಿ ಲೈನ್ ಮನೆ ಕಡೆ ಬರ್ತಿದೆ" (ಲೈನ್ ಮನೆ ಅಂದರೆ ತೋಟದ ಕೆಲಸಗಾರರ ಮನೆ ಸಾಲು) ಅನ್ನುವ ಒಂದು ಸಾಲು ಕಾಯಬೇಕು ಅಂದರೆ ಹೇಗೆ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗಲೂ ಇದೇ ಕಥೆ. ಯಾರದೋ ವಿಡಿಯೋ ಹತ್ತು ಸಲ ಬಂತು, ಯಾವ ರಸ್ತೆ ತೆರೆದಿದೆ ಅನ್ನುವುದು ಮಾತ್ರ ಬರಲಿಲ್ಲ.

ಮೊದಲು ಐಆರ್‌ಸಿ ಅನ್ನುವ ಹಳೇ ಚಾಟ್ ಪದ್ಧತಿ ನೋಡಿದೆ. 1988ರದ್ದು, ಅದಕ್ಕಿಂತ ಹಗುರ ಇನ್ನೇನಿದೆ ಅಂತ. ಎರಡು ಕಡೆ ಎಡವಿತು. ಲೈನ್ ಕಟ್ ಆದರೆ ಆ ಹೊತ್ತಿನ ಮೆಸೇಜು ಹೋದಂತೆಯೇ. ನಮ್ಮ ಬದಲು ಸದಾ ಲೈನಿನಲ್ಲಿದ್ದು ಮೆಸೇಜು ಹಿಡಿದಿಡುವ ಬೌನ್ಸರ್ ಹಾಕಬಹುದು, ಆದರೆ ಅರವತ್ತು ಜನಕ್ಕೆ ಬೌನ್ಸರ್ ಸಾಕುವವರು ಯಾರು? ಎರಡನೆಯದು, ಒಂದು ಸಾಲಿಗೆ 512 ಬೈಟ್ ಮಿತಿ. ಇಂಗ್ಲಿಷ್‌ಗೆ ಅದು ಧಾರಾಳ. ಕನ್ನಡದಲ್ಲಿ ಅಕ್ಷರ, ಗುಣಿತದ ಗುರುತು ಎಲ್ಲಕ್ಕೂ ಮೂರು ಮೂರು ಬೈಟ್. "ಆನೆ" ಅಂತ ಬರೆದರೇ ಒಂಬತ್ತು ಬೈಟ್ ಖರ್ಚು. ನಮ್ಮ ಹಿರಿಯರೊಬ್ಬರು ಮೆಸೇಜಿನಲ್ಲಿ ಪತ್ರವನ್ನೇ ಬರೆಯುವವರು. ಅವರ ಪತ್ರ ತುಂಡು ತುಂಡಾಗಿ ಬಿತ್ತು.

ಮ್ಯಾಟ್ರಿಕ್ಸ್ ಅನ್ನುವ ಇನ್ನೊಂದು ಚಾಟ್ ಪದ್ಧತಿ ನೋಡಲು ಚೆನ್ನಾಗಿತ್ತು. ಒಂದು ಜಿಬಿ ರ‍್ಯಾಮ್‌ನ ನನ್ನ ಬಾಡಿಗೆ ಮಷೀನಿನಲ್ಲಿ ಅದರ ಸರ್ವರ್ ಸಾಫ್ಟ್‌ವೇರ್ ಸಿನಾಪ್ಸ್ ಹಾಕಿದೆ. ನಮ್ಮ ಗ್ರೂಪ್ ಮಾತ್ರ ಇದ್ದಾಗ ಹೇಗೋ ಓಡಿತು. ಯಾರೋ ಹೊರಗಿನ ದೊಡ್ಡ ರೂಮೊಂದಕ್ಕೆ ಸೇರಿದರು, ಮಷೀನ್ ರ‍್ಯಾಮ್ ಸಾಲದೆ ಸ್ವಾಪ್‌ಗೆ ಬಿದ್ದು ಒದ್ದಾಡಿತು. ದೊಡ್ಡ ಮಷೀನಿಗೆ ತಿಂಗಳಿಗೆ ಎರಡರಷ್ಟು ದುಡ್ಡು. ಕಾಫಿಗೆ ಒಳ್ಳೆ ರೇಟ್ ಇದ್ದ ವರ್ಷವಾದರೂ ಅಷ್ಟು ಕೊಡಲು ನನಗೆ ಮನಸ್ಸಿಲ್ಲ.

ಡೆಲ್ಟಾ ಚಾಟ್ ಅನ್ನುವ ಆ್ಯಪ್ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಇಮೇಲ್ ಮೇಲೆ ಓಡುವುದರಿಂದ ಸಿಗ್ನಲ್ ಹೋಗಿ ಬಂದರೂ ಮೆಸೇಜು ಕ್ಯೂನಲ್ಲಿ ಕಾಯುತ್ತದೆ. ನಾವು ಹತ್ತು ಹದಿನೈದು ಜನ ಇದ್ದಾಗ ಬಹಳ ಚೆನ್ನಾಗಿತ್ತು. ಎಲ್ಲರನ್ನೂ ಸೇರಿಸಿದ ಮೇಲೆ, ಒಂದು ಮಳೆಯ ದಿನ ಎಲ್ಲರೂ ಒಟ್ಟಿಗೆ ಬರೆಯಲು ಶುರು ಮಾಡಿದರು. ಉಚಿತ ಮೇಲ್ ಕೊಡುವವರು ಇದು ಸ್ಪ್ಯಾಮ್ ಅಂದುಕೊಂಡು ನಾಲ್ಕೈದು ಜನರ ಖಾತೆ ಮುಚ್ಚಿಬಿಟ್ಟರು. ಅವರ ಬ್ಯಾಂಕಿನ ಮೇಲ್ ಕೂಡ ಅದೇ ಖಾತೆಯಲ್ಲಿತ್ತು. ಒಂದು ವಾರ ಬೈಸಿಕೊಂಡೆ.

ಕೊನೆಗೆ ಎಕ್ಸ್‌ಎಂಪಿಪಿ. 1999ರಲ್ಲಿ ಜಾಬರ್ ಅಂತ ಹೊರಬಂದದ್ದು, ಡಯಲ್‌ಅಪ್ ಕಾಲದ ಕೂಸು. ಎಕ್ಸ್‌ಎಂಎಲ್ ಜಾಸ್ತಿ ವಟಗುಟ್ಟುತ್ತದೆ ಅಂತ ಬೈಯುವವರಿದ್ದಾರೆ. ನಿಜವೇ. ಆದರೂ ಒಂದು ಸಾಲಿನ ಮೆಸೇಜು ಒಂದು ಕೆಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಪಾಯಸದ ಫೋಟೋದ ಜಾಗದಲ್ಲಿ ಸಾವಿರಾರು ಆನೆ ಸುದ್ದಿ ಕಳಿಸಬಹುದು.

ಪ್ರೊಸಡಿಯನ್ನು ಮೊದಲು ಮನೆಯಲ್ಲೇ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಇಟ್ಟೆ. ಖರ್ಚು ಐದು ಸಾವಿರದ ಮೇಲೆ, ಯುಪಿಎಸ್ ಬೇರೆ. ನಮ್ಮ ಇಂಟರ್ನೆಟ್ ಲೈನಿಗೆ ಸ್ವಂತ ಐಪಿ ವಿಳಾಸ ಇರಲಿಲ್ಲ, ಹಾಗಾಗಿ ಹೊರಗಿನಿಂದ ಒಳಗೆ ಬರಲು ಟನಲ್ ಅನ್ನುವ ಸುತ್ತುದಾರಿ ಕಟ್ಟಬೇಕಾಯಿತು. ಕರೆಂಟ್ ಹೋಗಿ ಬಂದು ಎಸ್‌ಡಿ ಕಾರ್ಡ್ ಎರಡು ಸಲ ಸತ್ತಿತು. ಏಪ್ರಿಲ್ ಸಿಡಿಲಿಗೆ ರೂಟರ್ ಸುಟ್ಟು ಕಪ್ಪಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಂತು ಅಂತ ಊರೆಲ್ಲ ಖುಷಿಯಲ್ಲಿದ್ದರೆ ನಾನು ರೂಟರ್ ಬಿಚ್ಚಿಕೊಂಡು ಕೂತಿದ್ದೆ. ಈಗ ಎಲ್ಲ ಬಾಡಿಗೆ ವಿಪಿಎಸ್, ಅಂದರೆ ಕಂಪನಿಯೊಂದರ ಕಡೆ ಓಡುವ ಮಷೀನ್ ಮೇಲೆ. ತಿಂಗಳಿಗೆ ನಾನೂರು ಚಿಲ್ಲರೆ, ಡೊಮೇನ್‌ಗೆ ವರ್ಷಕ್ಕೆ ಒಂದು ಸಾವಿರದ ಒಳಗೆ. ಪ್ರೊಸಡಿ ತಿನ್ನುವುದು ಐವತ್ತು ಎಂಬಿ ರ‍್ಯಾಮ್ ಇರಬೇಕು, ಅಷ್ಟೇ. ಮಷೀನ್ ಸುಮ್ನೆ ಮಲಗಿರುತ್ತದೆ.

ಎಕ್ಸ್‌ಎಂಪಿಪಿಯ ಹೆಚ್ಚುವರಿ ಸೌಲಭ್ಯಗಳಿಗೆ ನಂಬರ್ ಇರುತ್ತದೆ. ನಿಜವಾದ ಕೆಲಸ ಮಾಡಿದ್ದು 198, ಅಂದರೆ ಸ್ಟ್ರೀಮ್ ಮ್ಯಾನೇಜ್‌ಮೆಂಟ್. ಟವರ್ ಸತ್ತು ಎದ್ದರೆ ಫೋನು ಹೊಸದಾಗಿ ಲಾಗಿನ್ ಆಗಬೇಕಿಲ್ಲ, ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ತುಂಬ ಹೊತ್ತು ಹೋಗಿದ್ದರೆ 313ರ ಆರ್ಕೈವ್‌ನಿಂದ, ಅಂದರೆ ಸರ್ವರ್ ಕೂಡಿಟ್ಟ ಮೆಸೇಜುಗಳಿಂದ, ಹಳೆಯದು ಬರುತ್ತದೆ. ಗ್ರೂಪಿಗೂ ಆರ್ಕೈವ್ ಹಾಕುವುದನ್ನು ಮರೆಯಬೇಡಿ, ಅದು ಬೇರೆ ಮಾಡ್ಯೂಲ್. ಕಟ್ ಆದ ಸೆಷನ್ನನ್ನು ಸರ್ವರ್ ಎಷ್ಟು ಹೊತ್ತು ಕಾಯಬೇಕು ಅನ್ನುವ ಅಂಕಿಯನ್ನು ನಾನು ಬಹಳ ತಿರುಗಿಸಿ ನೋಡಿದ್ದೇನೆ. ಡೀಫಾಲ್ಟ್ ನಮ್ಮ ಕಡೆಗೆ ಸಾಲದು. ನನ್ನ ಅಂಕಿ ಎಷ್ಟು ಅಂತ ಇಲ್ಲಿ ಬರೆಯಲ್ಲ. ನಿಮ್ಮ ಟವರಿನ ಡೀಸೆಲ್ ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ನೋಡಿಕೊಳ್ಳಿ.

ಫೋಟೋಗೆ ಕತ್ತರಿ ಹಾಕಿದೆ. ಫೈಲ್ ಹಂಚುವ ಮಾಡ್ಯೂಲಿನಲ್ಲಿ ಮಿತಿಯನ್ನು ಮುನ್ನೂರು ಕೆಬಿಗೆ ಇಳಿಸಿ, ಒಂದು ವಾರದಲ್ಲಿ ಅಳಿಸಿ ಹೋಗುವಂತೆ ಮಾಡಿದೆ. ಕೊಳೆರೋಗ ಬಂದ ಎಲೆ ತೋರಿಸಲು ಅಷ್ಟು ಸಾಕು. "ಫೋಟೋ ಹೋಗ್ತಿಲ್ಲ" ಅಂತ ದೂರು ಬಂತು. ನಾನು ಸರಿಮಾಡ್ತೀನಿ ಅಂದೆ. ಈಗಲೂ ಅದನ್ನೇ ಅನ್ನುತ್ತಿದ್ದೇನೆ.

ಒಮೆಮೊ ಎನ್‌ಕ್ರಿಪ್ಶನ್, ಅಂದರೆ ಸರ್ವರ್‌ಗೂ ಓದಲಾಗದಂತೆ ಮೆಸೇಜಿಗೆ ಬೀಗ ಹಾಕುವುದು, ನಮ್ಮ ಗ್ರೂಪಿನಲ್ಲಿ ಇಲ್ಲ. ಫೋನಿನಿಂದ ಸರ್ವರ್ ತನಕ ದಾರಿಗೆ ಬೀಗ ಹಾಕುವ ಟಿಎಲ್‌ಎಸ್ ಇದೆ, ಸಾಕು. ಒಮೆಮೊ ಇದ್ದಾಗ ಯಾರಾದರೂ ಫೋನ್ ಬದಲಿಸಿದರೆ "ಮೆಸೇಜು ಓದಲಾಗುತ್ತಿಲ್ಲ" ಅಂತ ಕರೆ ಬರುತ್ತಿತ್ತು. ಆನೆ ಎಲ್ಲಿದೆ ಅನ್ನುವುದನ್ನು ಯಾರಿಂದ ಮುಚ್ಚಿಡಬೇಕು, ಆನೆಯಿಂದಲಾ? ದುಡ್ಡಿನ ಮಾತು ಇದ್ದವರು ಇಬ್ಬರೇ ಚಾಟಿನಲ್ಲಿ ಒಮೆಮೊ ಹಾಕಿಕೊಳ್ಳುತ್ತಾರೆ.

ಜನರ ಫೋನಿಗೆ ಹಾಕಿಸುವುದೇ ದೊಡ್ಡ ಕೆಲಸ. ಕಾನ್ವರ್ಸೇಶನ್ಸ್‌ಗೆ ಪ್ಲೇ ಸ್ಟೋರಿನಲ್ಲಿ ದುಡ್ಡು ಕೊಡಬೇಕು, ಎಫ್-ಡ್ರಾಯ್ಡ್ ಅನ್ನುವ ಇನ್ನೊಂದು ಆ್ಯಪ್ ಸ್ಟೋರಿನಲ್ಲಿ ಉಚಿತ. ಎಫ್-ಡ್ರಾಯ್ಡ್ ಅಂದ ಕೂಡಲೇ ಫೋನು ಕೆಂಪು ಎಚ್ಚರಿಕೆ ತೋರಿಸುತ್ತದೆ, ಹಿರಿಯರು ಹೆದರುತ್ತಾರೆ. ಹಾಗಾಗಿ ನಾನೇ ಒಂದೊಂದೇ ಫೋನ್ ಕೈಗೆ ತೆಗೆದುಕೊಂಡು ಹಾಕಿದೆ. ಬ್ಯಾಟರಿ ಉಳಿತಾಯ ಬಂದ್ ಮಾಡಿ, ಆಟೋ ಸ್ಟಾರ್ಟ್ ಕೊಡಿ. ಇಷ್ಟು ಎಲ್ಲರಿಗೂ ಗೊತ್ತು. ಕೆಲವು ಫೋನುಗಳಲ್ಲಿ ಅದಾದ ಮೇಲೂ ರಾತ್ರಿ ಆ್ಯಪ್ ಸಾಯುತ್ತದೆ. ಅದಕ್ಕೆ ಮೂರನೆಯದೊಂದು ಸೆಟ್ಟಿಂಗ್ ಇದೆ. ಅದು ಕಾಫಿ ಕುಡಿಯಲು ಮನೆಗೆ ಬಂದವರಿಗೆ ಮಾತ್ರ. ಬೆಂಗಳೂರಿನಲ್ಲಿರುವ ಮಕ್ಕಳ ಐಫೋನಿಗೆ ಮೋನಲ್ ಅನ್ನುವ ಎಕ್ಸ್‌ಎಂಪಿಪಿ ಆ್ಯಪ್ ಹಾಕಿಸಿದೆ, ತಕರಾರು ಬಂದಿಲ್ಲ.

ಎಲ್ಲ ನಿಂತ ಮೇಲೆ ಕೈ ಕಡಿಯಲು ಶುರುವಾಯಿತು. ಪೈಥಾನ್ ಭಾಷೆಯಲ್ಲಿ ಸ್ಲಿಕ್ಸ್‌ಎಂಪಿಪಿ ಲೈಬ್ರರಿ ಬಳಸಿ ಮಳೆ ಬಾಟ್, ಅಂದರೆ ತಾನೇ ಮಳೆ ಲೆಕ್ಕ ಓದಿ ಉತ್ತರಿಸುವ ಪ್ರೋಗ್ರಾಂ, ಬರೆದೆ. ನಮ್ಮವರು ಮಳೆ ಹೇಳುವುದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ. ಒಬ್ಬರು "1.20" ಅನ್ನುತ್ತಾರೆ, ಇನ್ನೊಬ್ಬರು "1-20", ಮತ್ತೊಬ್ಬರು "120 ಸೆಂಟ್". ಒಬ್ಬರಂತೂ "೧.೨೦" ಅಂತ ಕನ್ನಡ ಅಂಕಿಯಲ್ಲೇ. ಇದಕ್ಕೆ ಬೇರೆ ಕೋಡ್ ಬೇಕಾಗುತ್ತದೆ ಅಂದುಕೊಂಡಿದ್ದೆ. ಬೇಡವೇ ಬೇಡ, ಬರಹವನ್ನು ಸಂಖ್ಯೆ ಮಾಡುವ ಪೈಥಾನ್‌ನ ಫ್ಲೋಟ್ ಕನ್ನಡ ಅಂಕಿಯನ್ನೂ ಸಲೀಸಾಗಿ ಓದುತ್ತದೆ! ಗೆರೆ ಹಾಕಿದ "1-20" ಮಾತ್ರ ಕಾಡಿತು. ಈಗ ಬಾಟ್ ದಿನಾ ಬೆಳಿಗ್ಗೆ ತೋಟವಾರು ಪಟ್ಟಿ ಹಾಕುತ್ತದೆ, ಸೆಂಟನ್ನು ಮಿಲಿಮೀಟರ್ ಮಾಡಿಯೂ ಕೊಡುತ್ತದೆ. ಪಕ್ಕದ ತೋಟಕ್ಕಿಂತ ನಮಗೆ ಜಾಸ್ತಿ ಬಂತು ಅನ್ನುವ ಜಗಳ ಇದರಿಂದ ಜೋರಾಗಿದೆ.

ಪುಟ್ಟ ರೇಡಿಯೋ ಬೋರ್ಡುಗಳ ನಡುವೆ ನೇರ ಮೆಸೇಜು ಕಳಿಸುವ ಮೆಶ್‌ಟ್ಯಾಸ್ಟಿಕ್ ಕೂಡ ನೋಡಿಬಿಟ್ಟೆ, ಟವರೇ ಬೇಡ ಅಂತ. ಬೋರ್ಡ್ ಒಂದಕ್ಕೆ ಎರಡೂವರೆ ಸಾವಿರದಂತೆ ಮೂರು ತರಿಸಿದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, ಆ ತಲೆನೋವಿಲ್ಲ. ಗದ್ದೆಯ ಆಚೆ ಈಚೆ ಚೆನ್ನಾಗಿ ಹೋಯಿತು. ನಡುವೆ ಒಂದು ಗುಡ್ಡ ಬಂದರೆ, ಅಥವಾ ಮಳೆಯಲ್ಲಿ ನೆನೆದ ಸಿಲ್ವರ್ ಓಕ್ ಸಾಲು ದಾಟಬೇಕಾದರೆ, ಸದ್ದೇ ಇಲ್ಲ. ಅಲ್ಲೂ ಇನ್ನೂರು ಚಿಲ್ಲರೆ ಬೈಟ್ ಮಿತಿ, ಅಂದರೆ ಕನ್ನಡದಲ್ಲಿ ಒಂದೂವರೆ ಸಾಲು. ಎತ್ತರದಲ್ಲಿ ಸೋಲಾರ್ ಇಟ್ಟು ಸಿಗ್ನಲ್ ಹಿಡಿದು ಮುಂದೆ ಕಳಿಸುವ ಒಂದು ರಿಪೀಟರ್ ಹಾಕಿದರೆ ಆಗಬಹುದು. ಜಾಗ ಕೊಡುವವರು ಸಿಗಬೇಕಲ್ವಾ? ಮಂಗ ಅದನ್ನು ಬಿಡಬೇಕು.

ಒಟ್ಟು ಲೆಕ್ಕ ಹಾಕಿದರೆ, ಪೈ, ರೂಟರ್, ಬೋರ್ಡು ಅಂತ ಪ್ರಯೋಗಕ್ಕೆ ಹೋದದ್ದೇ ಇಪ್ಪತ್ತು ಸಾವಿರ ಇರಬಹುದು. ಓಡಿಸುವ ಖರ್ಚು ವರ್ಷಕ್ಕೆ ಆರೇಳು ಸಾವಿರ, ತಲೆಗೆ ನೂರು ಚಿಲ್ಲರೆ. ಹೋದ ವರ್ಷ ಎಲ್ಲ ನನ್ನ ಜೇಬಿನಿಂದ ಹೋಯಿತು, ಈ ವರ್ಷ ಕೇಳಿದವರೆಲ್ಲ ಕೊಟ್ಟರು. ಈಗ ನಾಪೋಕ್ಲು ಕಡೆಯ ಗುಂಪೊಂದು ನಮಗೂ ರೂಮ್ ಕೊಡಿ ಅಂತಿದೆ. ಕೊಡ್ತೀನಿ ಅಂದಿದ್ದೇನೆ. ಮುನ್ನೂರು ಕೆಬಿ ಮಿತಿ ಬಗ್ಗೆ ಅವರಿಗೆ ಇನ್ನೂ ಹೇಳಿಲ್ಲ.