ಮೂರು ಡಬ್ಬಿ, ಒಂದು ಪಟ್ಟಿ: ಆಟಿಸಂ ಇರುವ ಮಗು ತಾನೇ ಕೆಲಸ ಮುಗಿಸಲು

"ಡಬ್ಬಿ ತೆಗಿ ಪುಟ್ಟಾ, ಹಾಕು, ಇನ್ನೊಂದು ಹಾಕು, ಮುಗೀತಾ?" ಶಿಕ್ಷಕರು ಪಕ್ಕದಲ್ಲೇ ನಿಂತು ಹೀಗೆ ಹೇಳುತ್ತಿದ್ದರೆ ಮಗು ಕಲಿಯುವುದು ದನಿಗೆ ಕಾಯುವುದನ್ನು. ಆಟಿಸಂ ಇರುವ ಅನೇಕ ಮಕ್ಕಳಿಗೆ ಕಿವಿಗೆ ಬಿದ್ದ ಮಾತು ಬೇಗ ಜಾರಿಹೋಗುತ್ತದೆ. ಚಿತ್ರ ಹಾಗಲ್ಲ, ತಿರುಗಿ ನೋಡಿದಾಗಲೂ ಅಲ್ಲೇ ಇರುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಟಿಸಂ ಇರುವವರಿಗಾಗಿ 1972ರಲ್ಲಿ ಶುರುವಾದ 'ಟೀಚ್' (TEACCH) ಕಾರ್ಯಕ್ರಮದಿಂದ ಬಂದ ಈ ಡಬ್ಬಿ-ಪಟ್ಟಿಯ ವಿಧಾನ ನಾಲ್ಕೇ ಪ್ರಶ್ನೆಗೆ ಕಣ್ಣಿನ ಮೂಲಕ ಉತ್ತರ ಕೊಡುತ್ತದೆ: ಏನು ಕೆಲಸ, ಎಷ್ಟು, ಮುಗಿದದ್ದು ಹೇಗೆ ಗೊತ್ತಾಗುತ್ತದೆ, ಆಮೇಲೇನು.

ಜಾಗ

ಬೋಳು ಗೋಡೆಗೆ ಮುಖಮಾಡಿ ಒಂದು ಮೇಜು ಹಾಕಿ. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಕೊಠಡಿಯಾದರೆ ತಲೆಯ ಮೇಲಿನ ಚಪ್ಪರದಲ್ಲಿ ತೂಗುವ ಕಾರ್ಡುಗಳು ಈ ಮೂಲೆಯಲ್ಲಿ ಬೇಡ. ಗಾಳಿಗೆ ಅವು ಅಲುಗಾಡಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೇಜಿನ ಎಡಕ್ಕೆ ಮುಚ್ಚಳವಿರುವ ಮೂರು ಡಬ್ಬಿ, ಬಲಕ್ಕೆ ನೆಲದ ಮೇಲೆ 'ಮುಗಿಯಿತು' ಬುಟ್ಟಿ. ಮೂರೂ ಡಬ್ಬಿ ಹಿಡಿಸುವಷ್ಟು ದೊಡ್ಡ ಬುಟ್ಟಿಯೇ ಬೇಕು. ಕನ್ನಡ ಓದುವ ದಿಕ್ಕೇ ಕೆಲಸದ ದಿಕ್ಕು.

ಪಟ್ಟಿ

30 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ರಟ್ಟನ್ನು ಗೋಡೆಗೆ ನಿಲುವಾಗಿ ಅಂಟಿಸಿ. ಮೇಲಿನಿಂದ ವೃತ್ತ, ಚೌಕ, ತ್ರಿಕೋನದ ಕಾರ್ಡು. ಕೊನೆಯಲ್ಲಿ 'ಆಮೇಲೇನು' ಕಾರ್ಡು. ಅದು ಬಿಸಿಯೂಟದ ತಟ್ಟೆಯೋ ಜೋಕಾಲಿಯೋ ಆಗಬಹುದು. ಅದೇ ಆಕಾರಗಳನ್ನು ಡಬ್ಬಿಗಳ ಮೇಲೂ ಅಂಟಿಸಿ. ಮಗು ಮೇಲಿನ ಕಾರ್ಡು ಕಿತ್ತು, ಅದರ ಜೋಡಿ ಇರುವ ಡಬ್ಬಿಗೆ ಅಂಟಿಸಿ, ಡಬ್ಬಿಯನ್ನು ಮೇಜಿಗೆ ತಂದು, ಕೆಲಸ ಮುಗಿಸಿ, ಬುಟ್ಟಿಗೆ ಹಾಕುತ್ತದೆ. ವೆಲ್ಕ್ರೋದ ಗಡಸು ಭಾಗ ಎಲ್ಲ ಕಾರ್ಡಿನ ಹಿಂದೆ, ಮೆತ್ತನೆಯದು ಪಟ್ಟಿ ಮತ್ತು ಡಬ್ಬಿಯ ಮೇಲೆ. ಒಂದೇ ಒಂದು ಅದಲುಬದಲಾದರೂ ಕಾರ್ಡು ಅಂಟದೆ ಮಗು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ತಟ್ಟೆಯ ಚಿತ್ರ ಇಂಟರ್ನೆಟ್ಟಿನದು ಬೇಡ, ನಿಮ್ಮ ಶಾಲೆಯ ತಟ್ಟೆಯ ಫೋಟೋ ಇರಲಿ. ಫೋಟೋವೂ ಅರ್ಥವಾಗದ ಮಗುವಿಗೆ ಕೈಗೆ ಒಂದು ಚಮಚವನ್ನೇ ಕೊಡಿ.

ಡಬ್ಬಿಯೊಳಗೆ

ಇಲ್ಲಿಯೇ ಹೆಚ್ಚು ತಪ್ಪಾಗುವುದು. ಹೊಸ ಪಾಠವನ್ನು ಡಬ್ಬಿಗೆ ಹಾಕಬಾರದು. ಮಗುವಿಗೆ ಆಗಲೇ ಪೂರ್ತಿ ಬರುವ ಕೆಲಸ ಮಾತ್ರ. 10 ಅಡಿಕೆ, 10 ಹುಣಸೆಬೀಜ ಬೇರ್ಪಡಿಸಲು ಎರಡು ಬಟ್ಟಲು. 5 ಬೋಲ್ಟಿಗೆ 5 ನಟ್ಟು. ಚಿತ್ರಕ್ಕೆ ಹೊಂದಿಸಲು 6 ಅಕ್ಷರ. ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಅಡಿಕೆ, ಬೀಜ, ನಟ್ಟು ಯಾವುದೂ ಬೇಡ, ದೊಡ್ಡ ಮರದ ತುಂಡುಗಳು ಸಾಕು. ಎಣಿಸಿಯೇ ಹಾಕಿ. ಡಬ್ಬಿ ಖಾಲಿಯಾದರೆ ಮುಗಿಯಿತು ಎಂಬುದು ಮಗುವಿಗೆ ಕಾಣಬೇಕು. "ಎಷ್ಟು ಚೆನ್ನಾಗಿ ಮಾಡಿದ, ಇನ್ನೊಂದು ಮಾಡ್ಲಿ" ಎಂದು ನಾಲ್ಕನೆಯ ಡಬ್ಬಿ ತಂದಿಟ್ಟರೆ ಪಟ್ಟಿ ಸುಳ್ಳು ಹೇಳಿದಂತಾಯಿತು. ಮರುದಿನ ಮೊದಲ ಕಾರ್ಡನ್ನೂ ಮಗು ಮುಟ್ಟದಿರಬಹುದು.

ಕಲಿಸುವುದು

ಮೊದಲ ದಿನ ಒಂದೇ ಡಬ್ಬಿ. ಶಿಕ್ಷಕರು ಹಿಂದೆ ನಿಲ್ಲಬೇಕು, ಬಾಯಿ ಬಿಡಬಾರದು. ಅಗತ್ಯವಿದ್ದಲ್ಲಿ ಮಗುವಿನ ಮೊಣಕೈಯನ್ನು ಮೆಲ್ಲನೆ ಕಾರ್ಡಿನತ್ತ ಸರಿಸಿ. ಮುಟ್ಟಿದ್ದು ಮಗುವಿಗೆ ಇಷ್ಟವಾಗದಿದ್ದರೆ ಕಾರ್ಡನ್ನು ಬೆರಳಿನಿಂದ ತಟ್ಟಿ ತೋರಿಸಿ. ಸಹಾಯವನ್ನು ಕೊನೆಯ ಹೆಜ್ಜೆಯಿಂದ ಕಡಿಮೆ ಮಾಡುತ್ತ ಬನ್ನಿ: ಮೊದಲು ಬುಟ್ಟಿಗೆ ಹಾಕುವುದನ್ನು ತಾನೇ ಮಾಡಲಿ, ಆಮೇಲೆ ಅದರ ಹಿಂದಿನದು. ಪ್ರತಿ ಸಲವೂ ಬೆರಳು ತೋರಿಸುತ್ತಿದ್ದರೆ ಕಾರ್ಡಿನ ಜಾಗಕ್ಕೆ ನಿಮ್ಮ ಬೆರಳೇ ಬಂದು ಕೂರುತ್ತದೆ. ಮೂರು ದಿನ ಸತತವಾಗಿ ತಾನೇ ಮುಗಿಸಿದ ಮೇಲೆ ಎರಡನೆಯ ಡಬ್ಬಿ ಇಡಿ.

ಮಳೆಗಾಲ

ತೀರ್ಥಹಳ್ಳಿ, ಹೊಸನಗರದ ಕಡೆಯ ಜುಲೈ ಥಂಡಿಗೆ ಕಾಗದ ತಡೆಯುವುದಿಲ್ಲ. ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿ, ಕತ್ತರಿಸುವಾಗ ಕಾಗದದ ಸುತ್ತ 5 ಮಿ.ಮೀ. ಪ್ಲಾಸ್ಟಿಕ್ ಅಂಚು ಬಿಡಿ; ಕಾಗದದ ಅಂಚಿಗೇ ಕತ್ತರಿಸಿದರೆ ಪಸೆ ಒಳಗಿಳಿದು ಬೂಸ್ಟು ಹಿಡಿಯುತ್ತದೆ. ವೆಲ್ಕ್ರೋ ಅಂಟಿಸುವ ಮುನ್ನ ಒಣಬಟ್ಟೆಯಿಂದ ಒರೆಸಿ. ಕಾರ್ಡುಗಳ ಎರಡನೆಯ ಪ್ರತಿ ಸ್ಟೀಲ್ ಡಬ್ಬಿಯಲ್ಲಿರಲಿ.

ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೋ ಬೆಳಗ್ಗೆಯೋ ರಜೆ ಘೋಷಿಸುವ ದಿನಗಳಿಗಾಗಿ ಮನೆಯಲ್ಲಿ 'ಮಳೆ ರಜೆ' ಕಾರ್ಡು ಇರಬೇಕು. ಮನೆಯ ದಿನದ ಪಟ್ಟಿಯಿಂದ ಶಾಲೆಯ ಕಾರ್ಡನ್ನು ಮಗುವಿನ ಕೈಯಿಂದಲೇ ತೆಗೆಸಿ ಇದನ್ನು ಹಾಕಿಸಿ, ಕೆಳಗೆ ಅಂದಿನ ಎರಡು ಕೆಲಸ ಇಡಿ. ಇದನ್ನು ಮಳೆ ಶುರುವಾಗುವ ಮೊದಲೇ, ಯಾವುದೋ ಒಂದು ಭಾನುವಾರ, ಅಭ್ಯಾಸ ಮಾಡಿಸಿರಬೇಕು.

ಮಗು ಸಲೀಸಾಗಿ ಕೆಲಸ ಮಾಡತೊಡಗಿದರೂ ಪಟ್ಟಿಯನ್ನು ಕಿತ್ತುಹಾಕಬೇಡಿ. ಚಿಕ್ಕದು ಮಾಡಿ: ಓದಲು ಬಂದರೆ ಕಾರ್ಡಿನ ಬದಲು ಮೂರು ಸಾಲು ಬರೆದ ಚೀಟಿ, ಮುಗಿದಂತೆ ಹೊಡೆದುಹಾಕಲು ಒಂದು ಪೆನ್ಸಿಲ್. ಅದು ಜ್ಯಾಮಿಟ್ರಿ ಬಾಕ್ಸಿನಲ್ಲೇ ಹಿಡಿಸುತ್ತದೆ.