ಲಿಫ್ಟ್ ಹತ್ತಿ, ಗಲ್ಲಿ ಹಿಡಿದು ಇಳಿ: ಜಿನೋವಾ ಸುತ್ತಿದ ಬಗೆ

ಇಟಲಿಗೆ ಹೋದವರೆಲ್ಲ ರೋಮ್, ವೆನಿಸ್, ಫ್ಲಾರೆನ್ಸ್ ನೋಡಿ ಬರುತ್ತಾರೆ. ಜಿನೋವಾದಲ್ಲಿ ನಿಲ್ಲುವವರು ಕಡಿಮೆ. ನಿಂತರೂ ಬಂದರಿನ ಅಕ್ವೇರಿಯಂ ನೋಡಿ ಹೊರಡುತ್ತಾರೆ. ಅಲ್ಲಿನ ಕ್ಯೂ ನೋಡಿ ನಾನು ಹಳೇ ಊರಿನ ಕಡೆ ಹೊರಟೆ.

ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಊರು ಇದು. ಜಾಗ ಸಾಲದೆ ಮನೆಗಳು ಮೇಲಕ್ಕೆ ಬೆಳೆದಿವೆ. ನಡುವಿನ ಗಲ್ಲಿಗಳಿಗೆ ಅಲ್ಲಿನವರು ಕರೂಜಿ ಅನ್ನುತ್ತಾರೆ. ಕೆಲವು ಎಷ್ಟು ಇಕ್ಕಟ್ಟು ಅಂದರೆ, ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮೊಬೈಲ್ ಮ್ಯಾಪಿನ ನೀಲಿ ಚುಕ್ಕಿ ಸುಮ್ಮಸುಮ್ಮನೆ ಪಕ್ಕದ ಗಲ್ಲಿಗೆ ನೆಗೆಯುತ್ತದೆ. ಅದಕ್ಕೇ ಮೊದಲು ಮೇಲೆ ಹೋಗಿ, ಆಮೇಲೆ ಇಳಿಜಾರು ಹಿಡಿದು ನಡೆಯೋಣ ಅಂದುಕೊಂಡೆ. ದಾರಿ ತಪ್ಪಿದರೂ ಇಳಿಯುತ್ತಾ ಹೋದರೆ ಬಂದರು ಸಿಗಲೇಬೇಕು, ಅಲ್ವಾ?

ಮೇಲೆ ಹೋಗಲು ಊರಿನ ಲಿಫ್ಟುಗಳೇ ಇವೆ. ಬಸ್ಸಿನಂತೆ ಅವೂ ನಗರ ಸಾರಿಗೆಯ ಭಾಗ. ಪಿಯಾಟ್ಸಾ ಪೋರ್ಟೆಲ್ಲೋದಿಂದ ಹೊರಡುವ ಲಿಫ್ಟು ಕಾಸ್ತೆಲ್ಲೆತ್ತೋ ದಿಣ್ಣೆಗೆ ಬಿಡುತ್ತದೆ. ಅಲ್ಲಿಂದ ಕಲ್ಲುಹಲಗೆಯ ಚಾವಣಿಗಳು, ಗಂಟೆಗೋಪುರಗಳು, ಕ್ರೇನುಗಳು ಎಲ್ಲ ಒಂದೇ ನೋಟಕ್ಕೆ. ಡಾಲ್ಬೆರ್ತಿಸ್ ಕೋಟೆಗೆ ಹೋಗುವ ಲಿಫ್ಟು ಇನ್ನೂ ಮಜಾ. ಅದರ ಪೆಟ್ಟಿಗೆ ಮೊದಲು ಸುರಂಗದಲ್ಲಿ ಅಡ್ಡಕ್ಕೆ ಓಡಿ, ಆಮೇಲೆ ನೆಟ್ಟಗೆ ಏರುತ್ತದೆ. ಕೆಲಸವಿಲ್ಲದಿದ್ದರೂ ಒಮ್ಮೆ ಹತ್ತಿ.

ಕೆಳಗೆ ಬಂದ ಮೇಲೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಬಾಂಕಿ ಚೌಕದ ಸಂತ ಪೀಟರ್ ಚರ್ಚು. ಅದರ ಕೆಳಗೆ ಸಾಲು ಅಂಗಡಿ, ಮೆಟ್ಟಿಲು ಹತ್ತಿದರೆ ದೇವರು. 16ನೇ ಶತಮಾನದಲ್ಲಿ ಚರ್ಚನ್ನು ಮತ್ತೆ ಕಟ್ಟಿಸಲು ಹಣ ಬೇಕಿತ್ತು. ಕೆಳಗಿನ ಅಂಗಡಿಗಳನ್ನು ಮಾರಿ ಹೊಂದಿಸಿದರಂತೆ. ವ್ಯಾಪಾರಿಗಳ ಊರಿಗೆ ತಕ್ಕ ಲೆಕ್ಕಾಚಾರ!

ಇಲ್ಲಿ ತಲೆ ಎತ್ತಿಕೊಂಡೇ ನಡೆಯಬೇಕು. ಬೀದಿ ಮೂಲೆಗಳಲ್ಲಿ ಮೇರಿ ಮಾತೆಯ ಗೂಡುಗಳಿವೆ. ಅವುಗಳ ಹಲವು ಮೂಲ ವಿಗ್ರಹಗಳು ಈಗ ಮ್ಯೂಸಿಯಂ ಸೇರಿವೆ. ಎದುರುಬದುರು ಮನೆಗಳ ನಡುವೆ ಸಣ್ಣ ಕಮಾನುಗಳು, ಒಂದಕ್ಕೊಂದು ಆಸರೆ. ಪೋರ್ತಾ ಸೊಪ್ರಾನ ಹೆಬ್ಬಾಗಿಲಿನ ಹತ್ತಿರ ಕಾಂಪೊಪಿಸಾನೋ ಎಂಬ ಪುಟ್ಟ ಚೌಕವಿದೆ. ನೆಲಕ್ಕೆ ಕಪ್ಪು ಬಿಳಿ ಬೆಣಚುಕಲ್ಲಿನ ಚಿತ್ತಾರ. 1284ರಲ್ಲಿ ಜಿನೋವಾದವರು ಪೀಸಾ ಊರಿನವರನ್ನು ಸೋಲಿಸಿದ ಮೆಲೋರಿಯಾ ಕಡಲಯುದ್ಧದಲ್ಲಿ ಸೆರೆಸಿಕ್ಕು, ಆ ಸೆರೆಯಲ್ಲೇ ಸತ್ತ ಪೀಸಾದವರನ್ನು ಹೂಳಿದ ಜಾಗ ಇದು ಅನ್ನುತ್ತಾರೆ. ನಾನು ಹೋದಾಗ ಅಲ್ಲಿ ಒಗೆದ ಬಟ್ಟೆ ಒಣಗುತ್ತಿತ್ತು, ಪ್ರವಾಸಿಗರು ಒಬ್ಬರೂ ಇರಲಿಲ್ಲ.

ವಿಳಾಸ ಹುಡುಕುವಾಗ ಒಂದು ವಿಷಯ ಗೊತ್ತಿರಲಿ. ಅಂಗಡಿಗಳಿಗೆ ಕೆಂಪು ನಂಬರು, ಮನೆಗಳಿಗೆ ಕಪ್ಪು. ಒಂದೇ ಬೀದಿಯಲ್ಲಿ ಕೆಂಪು 12 ಒಂದು ಕಡೆ, ಕಪ್ಪು 12 ಇನ್ನೆಲ್ಲೋ ಇರಬಹುದು. ಬಣ್ಣ ಕೇಳದೆ ಹೊರಟರೆ ಸುಮ್ನೆ ಅಲೆದಾಟ. ಕತ್ತಲಾದ ಮೇಲೆ ನಾನು ಪ್ರೇ ಬೀದಿಯ ಆಸುಪಾಸಿನ ಖಾಲಿ ಗಲ್ಲಿಗಳಿಗೆ ಹೋಗುತ್ತಿರಲಿಲ್ಲ. ನೀವೂ ಹೋಗಬೇಡಿ.

ಸಸ್ಯಾಹಾರಿಗಳಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲ. ಫರಿನಾತಾ ಕೇಳಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಸುರಿದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿಕೊಂಡು ಬಿಸಿಬಿಸಿಯಾಗಿಯೇ ತಿನ್ನಿ. ಆರಿದರೆ ಅದು ಬರೀ ಹಿಟ್ಟು.